ಕಿವಿ ಚುಚ್ಚುವ ವಿಚಾರ

ನನ್ನ ತಂಗಿಯ ಮಗುವಿಗೆ ಆರು ತಿಂಗಳು ತುಂಬಿ ಏಳಕ್ಕೆ ಬಿದ್ದಂದಿನಿಂದ ನಮ್ಮ ಮನೆಯಲ್ಲಿ ಒಂದು ಚರ್ಚೆ ಮೊದಲಾಯಿತು. ಚರ್ಚೆ ಎಂಬುದು ಇಲ್ಲಿ ಸೌಮ್ಯವಾದ ಮಾತು. ಹೆಣ್ಣುಮಗು, ಕಿವಿ ಚುಚ್ಚಿಸಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಯಾರಿಂದ, ಯಾವುದರಿಂದ ಎಂಬಲ್ಲಿಗೆ ಬಂದಾಗ ಮಾತ್ರ ಮೂರು ಪಕ್ಷಗಳಾದುವು. ನಮ್ಮ ಅಮ್ಮನದು ಅಕ್ಕಸಾಲಿಯ ಪಕ್ಷ. ತಂಗಿಯ ಗಂಡನದು ಒಡವೆ ಅಂಗಡಿಯ ಪಕ್ಷ. ಅಲ್ಲಿ ಪಿಸ್ತೂಲಿನಂಥ ಒಂದು ಯಂತ್ರವಿದೆಯಂತೆ, ಟಕ್ಕೆಂದರೆ ಓಲೆ ಒಳಗಂತೆ, ಮಗುವಿಗೆ ಅಳಲು ಸಹ ಪುರಸತ್ತಿಲ್ಲವಂತೆ. ತಂಗಿ ಮಾತ್ರ ಮಕ್ಕಳ ಡಾಕ್ಟರಲ್ಲದೆ ಬೇರೆ ಯಾರೂ ಮಗುವಿನ ಕಿವಿ ಮುಟ್ಟಕೂಡದೆಂದು ಹಟ ಹಿಡಿದಳು.

"ನಿಮಗೆಲ್ಲ ಅಕ್ಕಸಾಲಿಯೇ ಮನೆಗೆ ಬಂದು ಚುಚ್ಚಿದ್ದು ಕಣೋ. ಯಾರ ಕಿವಿ ಉದುರಿಹೋಗಿದೆ, ಹೇಳು?" ಎಂದು ಅಮ್ಮ ನನ್ನನ್ನೇ ಸಾಕ್ಷಿಗೆ ಕರೆದರು.

ನನಗೆ ಈ ಕಾರ್ಯದಲ್ಲಿ ಒಂದೇ ಕೆಲಸ. ಮಗು ಸೋದರಮಾವನ ತೊಡೆಯ ಮೇಲೆ ಕುಳಿತಿರಬೇಕು, ಸೋದರಮಾವ ಅದರ ತಲೆಯನ್ನು ಅಲುಗದಂತೆ ಹಿಡಿದಿರಬೇಕು. ತೊಡೆ ನನ್ನದಾದ ಮೇಲೆ ಹೊಣೆಯೂ ಸ್ವಲ್ಪ ನನ್ನದೇ ಅಲ್ಲವೆ? ಪುಸ್ತಕ ಓದಿ ಹೊಟ್ಟೆ ಹೊರೆಯುವ ನಾವು ಇಂಥ ಹೊತ್ತಿನಲ್ಲಿ ಮಾಡುವುದೇನಿದ್ದರೂ ಕಪಾಟಿನ ಕಡೆಗೆ ಹೋಗುವುದು. ಹೋದೆ. ಅಲ್ಲಿ ಕಂಡುದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಕರ್ಣವೇಧವು ಷೋಡಶ ಸಂಸ್ಕಾರಗಳಲ್ಲಿ ಒಂದೆಂದು ನಾವು ಕೇಳಿ ಬಂದಿದ್ದೇವೆ. ಆದುದರಿಂದ ಅದು ಪುರೋಹಿತರ ಗ್ರಂಥಗಳಲ್ಲಿ ಹುಟ್ಟಿ ಬೆಳೆದ ಕರ್ಮವೆಂದು ಊಹಿಸುವುದು ಸಹಜ. ಆದರೆ ಹಳೆಯ ಗೃಹ್ಯಸೂತ್ರಗಳಲ್ಲಿ ಬಹುಪಾಲು ಈ ಕರ್ಮದ ಮಾತನ್ನೇ ಎತ್ತುವುದಿಲ್ಲ. ಅದು ಸಂಸ್ಕಾರಗಳ ಪಟ್ಟಿಗೆ ಸೇರಿದುದು ಈಚೆಗೆ. ಕಿವಿ ಚುಚ್ಚುವುದನ್ನು ಹೇಗೆಂದು ಬಿಡಿಸಿ, ಕೈಹಿಡಿದು ಕಲಿಸುವಂತೆ ಹೇಳಿದವನು ವೈದ್ಯ. ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯ ಪೂರ್ತಿ ಕಿವಿಗೇ ಮೀಸಲು. ಕಿವಿ ಚುಚ್ಚುವುದೇಕೆ ಎಂಬುದಕ್ಕೆ ಅಲ್ಲಿ ಎರಡು ಕಾರಣಗಳುಂಟು, ರಕ್ಷೆ ಮತ್ತು ಭೂಷಣ. ರಕ್ಷೆ ಮೊದಲು. ಬಾಲಗ್ರಹಗಳಿಂದ ಮಗುವನ್ನು ಕಾಯುವುದೆಂಬುದು ಆ ಕಾಲದ ಅರ್ಥ. ನಾವು ಆ ಅರ್ಥವನ್ನು ಒಪ್ಪಬೇಕಾಗಿಲ್ಲ. ಆದರೆ ರಕ್ಷೆ ಎಂಬ ಮಾತನ್ನು ಆ ವೈದ್ಯನು ಬಾಯಿಮಾತಿಗೆ ಆಡಿದವನಲ್ಲವೆಂಬುದು ಮುಂದಿನ ವಿವರಗಳನ್ನು ಓದಿದರೆ ತಿಳಿಯುತ್ತದೆ.

ಮಗುವಿಗೆ ಆರನೆಯ ಇಲ್ಲವೆ ಏಳನೆಯ ತಿಂಗಳು; ಶುಕ್ಲಪಕ್ಷ; ಒಳ್ಳೆಯ ದಿನ. ಇಷ್ಟು ಪಂಚಾಂಗದ ಭಾಗ. ಒಂದು ಉಸಿರಿನಲ್ಲಿ ಮುಗಿಯುತ್ತದೆ. ಅನಂತರ ಮಗುವನ್ನು ದಾದಿಯ ತೊಡೆಯ ಮೇಲೆ ಕೂರಿಸಬೇಕು, ಆಟದ ಸಾಮಾನು ಕೊಟ್ಟು ರಮಿಸಬೇಕು. ವೈದ್ಯನು ಎಡಗೈಯಿಂದ ಹಾಲೆಯನ್ನು ಎಳೆದು ಹಿಡಿದು ಸೂರ್ಯನ ಬೆಳಕಿಗೆ ಒಡ್ಡಬೇಕು. ಹಾಗೆ ಒಡ್ಡಿದಾಗ ಹಾಲೆಯ ನಡುವೆ ಒಂದೆಡೆ ಬೆಳಕು ಹಾಯ್ದು ಹೊಳೆಯುತ್ತದೆ. ಅದು ದೈವವೇ ಮಾಡಿಟ್ಟ ರಂಧ್ರ. ಅಲ್ಲಿ ಮೆಲ್ಲಗೆ, ನೆಟ್ಟಗೆ ಚುಚ್ಚಬೇಕು. ತೆಳುವಾದ ಕಿವಿಗೆ ಸೂಜಿ, ದಪ್ಪ ಕಿವಿಗೆ ದಬ್ಬಳದಂಥ 'ಆರಾ' ಎಂಬ ಉಪಕರಣ. ಗಂಡುಮಗುವಿಗೆ ಬಲಗಿವಿ ಮೊದಲು, ಹೆಣ್ಣಿಗೆ ಎಡಗಿವಿ. ಚುಚ್ಚಿದ ಮೇಲೆ ಹತ್ತಿಯ ಬತ್ತಿಯನ್ನು ತೂರಿಸಿ ಎಣ್ಣೆ ಬಿಡಬೇಕು. ಮೂರು ಮೂರು ದಿನಕ್ಕೊಮ್ಮೆ ಬತ್ತಿಯನ್ನು ಬದಲಿಸಬೇಕು. ಪ್ರತಿ ಸಲವೂ ಹಿಂದಿನದಕ್ಕಿಂತ ಸ್ವಲ್ಪ ದಪ್ಪನೆಯದು.

ಬೆಳಕಿಗೆ ಒಡ್ಡುವ ಈ ಮಾತನ್ನು ಓದಿ ನಾನು ಮಗುವಿನ ಬಳಿಗೆ ಹೋಗಿ, ಕಿಟಕಿಯ ಬಿಸಿಲಿಗೆ ಅದರ ಕಿವಿಯನ್ನು ಹಿಡಿದು ನೋಡಿದೆ. ಹಾಲೆ ಕೆಂಪಗೆ ದೀಪದಂತೆ ಹೊತ್ತಿಕೊಂಡಿತು. ಎಳೆಯ ರಕ್ತನಾಳಗಳು ಎಲೆಯ ನರಗಳ ಹಾಗೆ ಕಂಡುವು. ಅವುಗಳ ನಡುವೆ ಒಂದು ತಿಳಿಯಾದ ಜಾಗ. ಇಂದಿಗೂ ನರ ಹುಡುಕಬೇಕಾದಾಗ ವೈದ್ಯರು ಎಳೆಮಕ್ಕಳ ಅಂಗೈಯ ಕೆಳಗೆ ಸಣ್ಣ ದೀಪ ಹಿಡಿದು ನೋಡುವುದುಂಟು. ಯುಕ್ತಿ ಒಂದೇ. ಅಲ್ಲಿ ನರವನ್ನು ಹಿಡಿಯುವುದಕ್ಕೆ, ಇಲ್ಲಿ ನರವನ್ನು ತಪ್ಪಿಸುವುದಕ್ಕೆ.

ವಾಗ್ಭಟನ ಅಷ್ಟಾಂಗಹೃದಯ ಈ ಕ್ರಮಕ್ಕೆ ಇನ್ನೂ ಕೆಲವು ಎಚ್ಚರಿಕೆಗಳನ್ನು ಸೇರಿಸುತ್ತದೆ. ಮಗು ಆರೋಗ್ಯವಾಗಿರಬೇಕು, ಜ್ವರ, ನೆಗಡಿ ಇರುವ ಮಗುವಿಗೆ ಈ ಕೆಲಸ ಕೂಡದೆಂದು ಅರ್ಥ. ಕಾಲ ಚಳಿಗಾಲವಾಗಬೇಕು. ಚುಚ್ಚುವ ಜಾಗವನ್ನು ಮೊದಲು ಅರಗಿನ ಕೆಂಪು ರಸದಿಂದ ಗುರುತು ಮಾಡಿಕೊಳ್ಳಬೇಕು. ಹಾಲೆಯ ನಡುಮಧ್ಯದಿಂದ ಕೊಂಚ ಕೆನ್ನೆಯ ಕಡೆಗೆ ಆ ಗುರುತು ಬೀಳಬೇಕು. ಚುಚ್ಚುವುದು ಒಂದೇ ಸಲ, ಹಗುರವಾದ ಕೈಯಿಂದ. ಮೇಲಕ್ಕೂ ಅಲ್ಲ, ಪಕ್ಕಕ್ಕೂ ಅಲ್ಲ, ಕೆಳಕ್ಕೂ ಅಲ್ಲ. ತೂತನ್ನು ದೊಡ್ಡದು ಮಾಡುವುದಾದರೆ ಅದು ಮಾದ ಮೇಲೆ, ಮೆಲ್ಲಮೆಲ್ಲಗೆ. ಈ 'ಮೆಲ್ಲಮೆಲ್ಲಗೆ' ಎಂಬ ಮಾತು ನನಗೆ ಬಹಳ ಹಿಡಿಸಿತು. ಅಳುವ ಮಗುವಿನ ಕಿವಿಯನ್ನು ನೂರಾರು ಸಲ ಕೈಯಲ್ಲಿ ಹಿಡಿದವನು ಮಾತ್ರ ಆಡಬಲ್ಲ ಮಾತು ಅದು.

ಇದೇ ವಿಷಯವನ್ನು ಸಂಸ್ಕಾರದ ನಿಬಂಧಗಳು ಕೈಗೆತ್ತಿಕೊಂಡಾಗ ಏನಾಯಿತೆಂಬುದನ್ನೂ ನೋಡಬೇಕು. ಅಲ್ಲಿ ಸೂಜಿಯ ಮಾತು ಬರುತ್ತದೆ. ರಾಜಕುಮಾರನಿಗೆ ಚಿನ್ನದ ಸೂಜಿ, ಬ್ರಾಹ್ಮಣನಿಗೂ ವೈಶ್ಯನಿಗೂ ಬೆಳ್ಳಿಯದು, ಶೂದ್ರನಿಗೆ ಕಬ್ಬಿಣದ್ದು. ವೈದ್ಯನು ಕೇಳಿದ್ದು ಕಿವಿ ತೆಳುವೋ ದಪ್ಪವೋ ಎಂದು. ಇವರು ಕೇಳಿದ್ದು ಕಿವಿ ಯಾವ ಜಾತಿಯದೆಂದು. ಬೆಳಕು ಹಾಯುವ ಜಾಗ ಎಲ್ಲ ಜಾತಿಯ ಹಾಲೆಯಲ್ಲೂ ಒಂದೇ ಕಡೆ ಇರುತ್ತದೆ. ಮನೆಮನೆಯಲ್ಲಿ ಉಳಿದುಬಂದುದೂ ಹೆಚ್ಚಾಗಿ ಈ ಎರಡನೆಯ ಬಗೆಯ ತಿಳಿವಳಿಕೆ. ಮುಹೂರ್ತ ನಮಗೆ ಬಾಯಿಪಾಠವಾಯಿತು, ಬೆಳಕಿಗೆ ಒಡ್ಡಿ ನೋಡುವುದು ಮರೆತುಹೋಯಿತು.

ಅದಿರಲಿ, ತಪ್ಪಿದರೆ ಏನಾಗುತ್ತದೆ? ಸುಶ್ರುತನ ಅಧ್ಯಾಯದಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ ಭಾಗ ಇದು. ರಕ್ತ ಹೆಚ್ಚಾಗಿ ಬಂದರೆ, ನೋವು ಬಹಳವಾದರೆ, ಬೇರೆ ಜಾಗದಲ್ಲಿ ಚುಚ್ಚಿದ್ದೇವೆಂದು ತಿಳಿಯಬೇಕು; ಏನೂ ತೊಂದರೆಯಾಗದಿದ್ದರೆ ಸರಿಯಾದ ಜಾಗವೆಂದು ತಿಳಿಯಬೇಕು. ಅರಿಯದವನು ಚುಚ್ಚಿದರೆ ಕಾಲಿಕಾ, ಮರ್ಮರಿಕಾ, ಲೋಹಿತಿಕಾ ಎಂಬ ಮೂರು ಸಿರೆಗಳಿಗೆ ಪೆಟ್ಟು ತಗಲಬಹುದು. ಮೊದಲನೆಯದರಿಂದ ಜ್ವರ, ಉರಿ, ಊತ. ಎರಡನೆಯದರಿಂದ ನೋವು, ಜ್ವರ, ಗಂಟು. ಮೂರನೆಯದರಿಂದ ಕತ್ತು ಸೆಟೆದುಕೊಳ್ಳುವುದು, ಅಪತಾನಕ, ತಲೆ ಹಿಡಿದುಕೊಳ್ಳುವುದು, ಕಿವಿಶೂಲೆ. ಅಪತಾನಕವೆಂದರೆ ಮೈ ಸೆಳೆತ. ದೇಹ ಬಿಲ್ಲಿನಂತೆ ಬಾಗುವ ಧನುಸ್ತಂಭವನ್ನು ಸುಶ್ರುತನು ನಿದಾನಸ್ಥಾನದಲ್ಲಿ ಇದರ ಜತೆಯಲ್ಲೇ ವರ್ಣಿಸಿ, ಪೆಟ್ಟಿನಿಂದ ಬಂದ ಅಪತಾನಕ ಗುಣವಾಗದೆಂದು ಕೈಚೆಲ್ಲುತ್ತಾನೆ.

ಕಿವಿಗೆ ಒಂದು ತೂತು. ಕೆಲವು ದಿನಗಳ ಮೇಲೆ ಕತ್ತು ಬಿಗಿ. ಆಮೇಲೆ ಮೈ ಬಿಲ್ಲು. ಇದನ್ನು ಓದುವ ಇಂದಿನ ಯಾರಿಗೇ ಆಗಲಿ ಧನುರ್ವಾಯುವಿನ ನೆನಪಾಗದಿರದು. ವೈದ್ಯನು ಕಣ್ಣಾರೆ ನೋಡಿದ್ದು ನಿಜ. ಬರೆದಿಟ್ಟ ಲಕ್ಷಣ ನಿಜ. ಕಾರಣ ಮಾತ್ರ ತಪ್ಪು. ಸಿರೆಗೆ ತಗಲಿದುದರಿಂದ ಬಂದುದಲ್ಲ ಅದು, ಸೂಜಿಗೆ ಅಂಟಿದ ಮಣ್ಣಿನಿಂದ ಬಂದುದು. ಮಣ್ಣಿನಲ್ಲಿರುವ ಒಂದು ಜೀವಾಣುವಿನಿಂದ ಈ ರೋಗ ಬರುತ್ತದೆಂದು ಜರ್ಮನಿಯ ನಿಕೊಲಾಯರ್ ತೋರಿಸಿದ್ದು 1884ರಲ್ಲಿ. ಜಪಾನಿನ ಕಿಟಸಾಟೊ ಅದನ್ನು ಬೇರ್ಪಡಿಸಿ ಬೆಳೆಸಿದ್ದು 1889ರಲ್ಲಿ. ಅಲ್ಲಿಯವರೆಗೆ ಲೋಕದ ಯಾವ ವೈದ್ಯನಿಗೂ ಅದು ತಿಳಿದಿರಲಿಲ್ಲ. ನಮ್ಮವರಿಗೆ ಎಲ್ಲವೂ ತಿಳಿದಿತ್ತೆಂದು ಹೇಳುವವರನ್ನು ಕಂಡರೆ ನನಗೆ ಸಂಕೋಚವಾಗುತ್ತದೆ. ಏನೂ ತಿಳಿದಿರಲಿಲ್ಲವೆನ್ನುವವರನ್ನು ಕಂಡರೆ ಕೋಪ ಬರುತ್ತದೆ. ಬಿಸಿಲಿನಲ್ಲಿ ಕಾಣುವುದನ್ನೆಲ್ಲ ಆತ ಕಂಡ. ಬಿಸಿಲಿನಲ್ಲೂ ಕಾಣದುದು ಆತನಿಗೆ ಸಿಕ್ಕಲಿಲ್ಲ. ತೊಂದರೆ ಕಂಡಾಗ ಮಾಡಬೇಕೆಂದು ಹೇಳಿದ್ದಂತೂ ಸರಿಯಾಗಿಯೇ ಇದೆ: ಬತ್ತಿಯನ್ನು ಕೂಡಲೆ ತೆಗೆದುಹಾಕಿ, ಜ್ಯೇಷ್ಠಮಧು, ಹರಳಿನ ಬೇರು, ಮಂಜಿಷ್ಠೆ, ಜವೆ, ಎಳ್ಳು ಇವುಗಳ ಕಲ್ಕವನ್ನು ಜೇನು ತುಪ್ಪಗಳೊಡನೆ ಹಚ್ಚಿ, ಪೂರ್ತಿ ಮಾದ ಮೇಲೆ ಹೊಸದಾಗಿ ಚುಚ್ಚಬೇಕು. ಹಾಕಿದ್ದಾಗಿದೆ, ತೆಗೆದರೆ ಅಪಶಕುನ ಎಂಬ ಮಾತು ಅಲ್ಲಿಲ್ಲ.

ಇನ್ನು ಕಿವಿಯ ಮುಂದಿನ ಕಥೆ. ಇಂದು ನಮಗೆ ಸೂಜಿಯಷ್ಟು ತೂತು ಸಾಕು. ಹಿಂದಿನವರಿಗೆ ಸಾಲುತ್ತಿರಲಿಲ್ಲ. ಗಾಯ ಮಾದ ಮೇಲೆ ತೂತನ್ನು ಹಿಗ್ಗಿಸಲು ಹಗುರವಾದ 'ವರ್ಧನಕ'ವನ್ನು ಹಾಕಬೇಕೆಂದು ಸುಶ್ರುತ ಹೇಳುತ್ತಾನೆ. ವ್ಯಾಖ್ಯಾನಗಳಲ್ಲಿ ಬೇವು, ಹತ್ತಿಗಿಡ ಮುಂತಾದುವುಗಳ ಕಡ್ಡಿಯ ಮಾತಿದೆ. ನಮ್ಮ ಕಡೆ ಹೊಸದಾಗಿ ಚುಚ್ಚಿದ ಕಿವಿಗೆ ಬೇವಿನ ಕಡ್ಡಿ ಸಿಕ್ಕಿಸುತ್ತಿದ್ದುದನ್ನು ನೋಡಿದವರಿಗೆ ಇದು ಹೊಸದಲ್ಲ. ತಾಳೆಯ ಗರಿಯನ್ನು ಸುರುಳಿ ಸುತ್ತಿ ತೂತಿನಲ್ಲಿಡುವುದು ಇನ್ನೊಂದು ಉಪಾಯ. ಸುತ್ತಿದ ಗರಿ ತಾನಾಗಿ ಬಿಚ್ಚಿಕೊಳ್ಳಲು ಯತ್ನಿಸುತ್ತ ತೂತನ್ನು ನೋವಿಲ್ಲದಂತೆ ಅಗಲಿಸುತ್ತದೆ.

ನಮ್ಮ ಭಾಷೆಯ ಒಂದು ಸೊಗಸು ಇಲ್ಲೇ ಇದೆ. ತಾಳೆಯ ಗರಿಗೆ ಕನ್ನಡದಲ್ಲಿ ಓಲೆ ಎಂದು ಹೆಸರು. ಅದರ ಮೇಲೆ ಬರೆದರೆ ಓಲೆಗರಿ, ಬರೆದು ಕಳಿಸಿದರೆ ಓಲೆ, ಕೊಂಡೊಯ್ಯುವವನು ಓಲೆಕಾರ, ಮದುವೆಗೆ ಕರೆದರೆ ಕರೆಯೋಲೆ. ಕಿವಿಯಲ್ಲಿಟ್ಟುಕೊಂಡರೂ ಓಲೆಯೇ. ಗರಿ ಹೋಗಿ ಚಿನ್ನ ಬಂತು, ಚಿನ್ನಕ್ಕೆ ಹರಳು ಬಂತು, ಹೆಸರು ಮಾತ್ರ ಮರದಿಂದ ಇಳಿಯಲಿಲ್ಲ. ಮುತ್ತೈದೆತನಕ್ಕೆ 'ಓಲೆಭಾಗ್ಯ' ಎನ್ನುವಾಗ ತಾಳೆಯ ಮರವನ್ನು ಯಾರು ನೆನೆಯುತ್ತಾರೆ? ಸಂಸ್ಕೃತದ ತಾಲಪತ್ರಕ್ಕೂ ಇದೇ ಬಗೆಯ ಎರಡರ್ಥವುಂಟು. ಬೆಂಡೋಲೆಯಲ್ಲಿ ಗಿಡದ ಬೆಂಡೂ ಸೇರಿಕೊಂಡಂತೆ ಕಾಣುತ್ತದೆ.

ಕಿವಿ ಚುಚ್ಚುವುದು ಹೆಣ್ಣಿನ ಸೊತ್ತೂ ಆಗಿರಲಿಲ್ಲ. ಗಂಡಸರ ಒಂಟಿ, ಹತ್ತಕಡಕುಗಳನ್ನು ಹಳೆಯ ಭಾವಚಿತ್ರಗಳಲ್ಲಿ ಈಗಲೂ ನೋಡಬಹುದು. ಕೋಟು, ರುಮಾಲು, ಕಿವಿಯಲ್ಲಿ ಒಂಟಿ. ಇಂಗ್ಲಿಷ್ ವಿದ್ಯೆ ಹರಡಿದಂತೆ ಗಂಡಸರು ಅದನ್ನು ಕಳಚಿಟ್ಟರು. ಅವರ ಮೊಮ್ಮಕ್ಕಳು ಈಗ ಕಾಲೇಜಿಗೆ ಅದನ್ನೇ ಹಾಕಿಕೊಂಡು ಬಂದು ನನ್ನ ಪಾಠದಲ್ಲಿ ಕೂರುತ್ತಾರೆ, ನನಗೇನೂ ಆಕ್ಷೇಪವಿಲ್ಲ. ನಮ್ಮ ಕಾವ್ಯಗಳಲ್ಲಿ ಈ ತೊಂದರೆಯೇ ಇಲ್ಲದೆ ಕಿವಿಗೆ ಕುಂಡಲ ಪಡೆದವನು ಕರ್ಣನೊಬ್ಬನೆ. ಅವನಿಗೆ ಅದು ಹುಟ್ಟುತ್ತಲೇ ಬಂದಿತ್ತು. ಕೊಡುವಾಗ ಮಾತ್ರ ನೆತ್ತರು ಹರಿಯಿತು.

ಹಿಗ್ಗಿಸಿದ ಹಾಲೆಗೆ ಭಾರದ ಒಡವೆ ಬಿದ್ದರೆ ಒಂದು ದಿನ ಅದು ಹರಿಯುತ್ತದೆ. ಅಮ್ಮ "ಯಾರ ಕಿವಿ ಉದುರಿಹೋಗಿದೆ" ಎಂದು ಕೇಳಿದಾಗ ನನಗೆ ಥಟ್ಟನೆ ನೆನಪಾದವರು ಅಮ್ಮನ ತಾಯಿಯೇ. ಅಜ್ಜಿಯ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ನಾವು ಮಕ್ಕಳು ಅವರ ತೊಡೆಯ ಮೇಲೆ ಮಲಗಿ ಆ ಎರಡು ತುದಿಗಳನ್ನು ಬೆರಳಿನಿಂದ ಕೂಡಿಸಿ ಆಟವಾಡುತ್ತಿದ್ದೆವು. ಓಲೆಯನ್ನು ಮೇಲೆ ಇನ್ನೊಂದು ಕಡೆ ಚುಚ್ಚಿಸಿಕೊಂಡು ಇಟ್ಟಿದ್ದರು. ಆಸ್ಪತ್ರೆಗೆ ಹೋದರೆ ಹೊಲಿಯುತ್ತಾರೆಂದು ಅವರಿಗೆ ಯಾರೂ ಹೇಳಲಿಲ್ಲ, ಹೇಳಿದ್ದರೂ ಹೋಗುತ್ತಿರಲಿಲ್ಲವೆನ್ನಿ. ನಾನು ಇದನ್ನು ನೆನಪಿಸಿದಾಗ ಅಮ್ಮ, "ಅದು ಚುಚ್ಚಿದ್ದರಿಂದಲ್ಲ, ಬಂಗಾರದ ಭಾರಕ್ಕೆ" ಎಂದು ತಿದ್ದಿದರು. ಸರಿಯಾದ ಮಾತೇ.

ಸುಶ್ರುತನ ಕಾಲದಲ್ಲೂ ಇಂಥ ಕಿವಿಗಳು ಬಹಳವಿದ್ದಿರಬೇಕು. ಇಲ್ಲದಿದ್ದರೆ ಹರಿದ ಕಿವಿಯನ್ನು ಕೂಡಿಸುವ 15 ಬಗೆಗಳನ್ನು ಹೆಸರಿಟ್ಟು ಆತ ಹೇಳುತ್ತಿರಲಿಲ್ಲ. ಬಾಗಿಲ ಕದಗಳಂತೆ ಎರಡು ಅಂಚುಗಳನ್ನು ಸೇರಿಸುವುದು ಕಪಾಟಸಂಧಿಕ. ಹಾಲೆಯೇ ಉಳಿದಿಲ್ಲದಿದ್ದರೆ ಕೆನ್ನೆಯ ಚರ್ಮವನ್ನು ಬಿಡಿಸಿ ತಂದು ಹಾಲೆ ಮಾಡುವುದು ಗಂಡಕರ್ಣ. ಹದಿನೈದರಲ್ಲಿ ಹತ್ತು ಆಗುವಂಥವು, ಐದು ಅಸಾಧ್ಯವೆಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಾನೆ. ಕೂಡಿಸಿದ ಮೇಲೆ ಕಿವಿಯನ್ನು ಉಜ್ಜಕೂಡದು, ಹಗಲು ಮಲಗಕೂಡದು, ಬೆಂಕಿಯ ಮುಂದೆ ಕೂರಕೂಡದು, ಹೆಚ್ಚು ಮಾತಾಡಕೂಡದು. ಹಾಲೆ ದವಡೆಯ ನೆರೆಯಲ್ಲೇ ಇದೆ. ಮಾತು ಕಡಮೆಯಾದರೆ ಹೊಲಿಗೆಗೆ ಒಳ್ಳೆಯದು.

ಕಿವಿಯ ಈ ಅಧ್ಯಾಯದ ಕೊನೆಯಲ್ಲಿ ಆತ ಮೂಗಿಗೆ ಬರುತ್ತಾನೆ. ಕತ್ತರಿಸಿಹೋದ ಮೂಗಿನ ಅಳತೆಗೆ ಒಂದು ಎಲೆಯನ್ನು ತೆಗೆದುಕೊಂಡು, ಅದೇ ಅಳತೆಗೆ ಕೆನ್ನೆಯ ಚರ್ಮವನ್ನು ಬುಡ ಬಿಡದಂತೆ ಎಬ್ಬಿಸಿ, ಮೂಗಿನ ಮೇಲೆ ಕೂರಿಸಿ, ಉಸಿರಾಡಲು ಎರಡು ನಾಳಗಳನ್ನಿಟ್ಟು ಕಟ್ಟಬೇಕು. ಮಗುವಿನ ಓಲೆಯಿಂದ ಹೊರಟವನು ಎಲ್ಲಿಗೆ ಬಂದ ನೋಡಿ.

ಈ ವಿದ್ಯೆ ಯುರೋಪಿಗೆ ಸುದ್ದಿಯಾದುದರಲ್ಲಿ ನಮ್ಮ ನಾಡಿನ ಯುದ್ಧದ ಪಾತ್ರವೂ ಇದೆ. ಶ್ರೀರಂಗಪಟ್ಟಣದ ಒಪ್ಪಂದದಲ್ಲಿ 1792ರಲ್ಲಿ ಮುಗಿದ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುವವನಾಗಿದ್ದ ಕಾವಸಜಿ ಎಂಬ ಮರಾಠ ರೈತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರೆಂದು ಇಂಗ್ಲಿಷರ ವೃತ್ತಾಂತ ಹೇಳುತ್ತದೆ. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬನು ಅವನಿಗೆ ಹೊಸ ಮೂಗು ಮಾಡಿದ. ಮುಂಬಯಿ ಆಧಿಪತ್ಯದ ಇಬ್ಬರು ಇಂಗ್ಲಿಷ್ ವೈದ್ಯರು ನಿಂತು ನೋಡಿದರು. ಇಲ್ಲಿ ಎಲೆಯ ಬದಲು ಮೇಣದ ಅಚ್ಚು, ಕೆನ್ನೆಯ ಬದಲು ಹಣೆಯ ಚರ್ಮ. ಹುಬ್ಬುಗಳ ನಡುವೆ ಒಂದು ಪಟ್ಟಿಯನ್ನು ರಕ್ತ ಹರಿಯಲೆಂದು ಕತ್ತರಿಸದೆ ಬಿಟ್ಟು ಹಣೆಯ ತುಂಡನ್ನು ಕೆಳಕ್ಕೆ ತಿರುಗಿಸಿ ಕೂರಿಸಿದರು. ಮೇಲೆ ಕಾಚಿನ ಲೇಪ. ನಾವು ಎಲೆಯಡಕೆಗೆ ಹಾಕಿಕೊಳ್ಳುವ ಕಾಚು. ಸುಮಾರು 25 ದಿನಗಳ ಮೇಲೆ ಆ ಪಟ್ಟಿಯನ್ನು ಕತ್ತರಿಸಿದರು. ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' 1794ರ ಅಕ್ಟೋಬರಿನಲ್ಲಿ ಇದನ್ನು ಚಿತ್ರಸಮೇತ ಅಚ್ಚು ಹಾಕಿತು. ಅದರಿಂದ ಹುರುಪುಗೊಂಡ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಲಂಡನ್ನಿನಲ್ಲಿ ಒಬ್ಬ ಸೈನ್ಯಾಧಿಕಾರಿಗೆ ಹಾಗೆಯೇ ಮೂಗು ಮಾಡಿ, 1816ರಲ್ಲಿ ಪುಸ್ತಕ ಬರೆದ. ಪುಣೆಯಲ್ಲಿ ಕತ್ತಿ ಹಿಡಿದವನು ಪಂಡಿತನಲ್ಲ, ಜೇಡಿಮಣ್ಣಿನ ಕೆಲಸದವನೆಂಬುದನ್ನು ನಾವು ಮರೆಯಬಾರದು. ನಮ್ಮಲ್ಲಿ ಕಿವಿ ಅಕ್ಕಸಾಲಿಯ ಕೈಗೆ ಹೋಯಿತು, ಮೂಗು ಇಟ್ಟಿಗೆಯವನ ಕೈಯಲ್ಲಿತ್ತು. ವಿದ್ಯೆ ಕಾಪಾಡಿದ ಕೈಗಳು ಅವು; ಆದರೆ ಬರೆದಿಟ್ಟ ಎಚ್ಚರಿಕೆಗಳು ಅವರನ್ನು ಮುಟ್ಟುವಂತೆ ಮಾಡಿದವರು ಯಾರೂ ಇಲ್ಲ.

ಇಷ್ಟು ಓದಿಕೊಂಡು ನಾನು ತಂಗಿಯೊಡನೆ ಮಕ್ಕಳ ಡಾಕ್ಟರಮ್ಮನ ಬಳಿಗೆ ಹೋದೆ. ಆಕೆ ಮೊದಲು ಕೇಳಿದ್ದು ಮಗುವಿನ ಲಸಿಕೆಯ ಚೀಟಿಯನ್ನು. 6, 10, 14 ವಾರಗಳಲ್ಲಿ ಕೊಡುವ ಚುಚ್ಚುಮದ್ದಿನಲ್ಲಿ ಧನುರ್ವಾಯುವಿನದೂ ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗದ್ದೂ ಸೇರಿರುತ್ತದೆ. ಮೂರೂ ಆಗಿದ್ದರೆ ಕಿವಿ ಚುಚ್ಚಲು ಅಡ್ಡಿಯಿಲ್ಲವೆಂದರು. ಲೆಕ್ಕ ಹಾಕಿದರೆ ಆರನೆಯ ತಿಂಗಳ ಹೊತ್ತಿಗೆ ಮೂರೂ ಆಗಿಹೋಗಿರುತ್ತವೆ. ಸುಶ್ರುತನ ತಿಂಗಳಿಗೆ ಸರಿಹೋಯಿತು. ಆಕಸ್ಮಿಕವಷ್ಟೆ; ಇದರಿಂದ ಯಾರೂ ಪ್ರಾಚೀನ ಲಸಿಕೆಯನ್ನು ಕಂಡುಹಿಡಿಯಬೇಕಾಗಿಲ್ಲ.

ಪಿಸ್ತೂಲಿನ ವಿಷಯ ಕೇಳಿದೆ. ಅನೇಕ ಅಂಗಡಿಗಳಲ್ಲಿರುವ ಪಿಸ್ತೂಲಿನ ಪ್ಲಾಸ್ಟಿಕ್ ಭಾಗಗಳನ್ನು ಹಬೆಯಲ್ಲಿ ಬೇಯಿಸಿ ಶುದ್ಧಮಾಡಲು ಬರುವುದಿಲ್ಲ. ಒಂದು ಮಗುವಿನ ರಕ್ತದ ಕಣ ಇನ್ನೊಂದಕ್ಕೆ ಹೋಗಬಹುದು. ಜತೆಗೆ ಅದು ಚೂಪಿನಿಂದಲ್ಲ, ರಭಸದಿಂದ ತೂರುವುದು, ಹಾಲೆ ಜಜ್ಜುತ್ತದೆ. ಮೃದ್ವಸ್ಥಿಯಿರುವ ಮೇಲುಗಿವಿಯ ಮೇಲಂತೂ ಅದನ್ನು ಪ್ರಯೋಗಿಸಲೇ ಬಾರದು. ಅಲ್ಲಿ ರಕ್ತಸಂಚಾರ ಕಡಮೆ, ಕೀವು ಹಿಡಿದರೆ ಕಿವಿಯ ಆಕಾರವೇ ಕುಗ್ಗಿಹೋಗಬಹುದು. ನಮ್ಮ ಅಜ್ಜಿಯರು ಬುಗುಡಿ, ಕೊಪ್ಪು ಹಾಕುತ್ತಿದ್ದ ಜಾಗ ಅದೇ. ಹೊಸದಾಗಿ ಮೊಹರು ಒಡೆದ, ಒಂದೇ ಸಲಕ್ಕೆ ಬಳಸಿ ಎಸೆಯುವ ಸೂಜಿಯಾದರೆ ಕ್ಷೇಮ. ಓಲೆಯಲ್ಲಿ ನಿಕ್ಕಲ್ ಬೆರೆತಿರಬಾರದು, ಹಲವರಿಗೆ ಅದು ನವೆ ತರುತ್ತದೆ. ತಿರುಪು ಬಿಗಿಯಾಗಿರಬೇಕು, ಇಲ್ಲದಿದ್ದರೆ ಮಗು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ. ಆರು ವಾರ ತೆಗೆಯಬಾರದು, ತೊಳೆದ ಕೈಯಿಂದಲ್ಲದೆ ಮುಟ್ಟಬಾರದು. ಕೆಂಪಗೆ ಊದಿಕೊಂಡು ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರದೆ ಬರಬೇಕು.

ನಿಗದಿಯಾದ ದಿನ ಅಮ್ಮನೂ ಬಂದರು, ಬೆಲ್ಲದ ಚೂರು ಸಮೇತ. ನನ್ನ ತೊಡೆಯ ಮೇಲೆ ಮಗು, ಕೈಯಲ್ಲಿ ಗಿಲಕಿ. ಡಾಕ್ಟರಮ್ಮ ಕಿವಿಯನ್ನು ದೀಪಕ್ಕೆ ಒಡ್ಡಿ ನೋಡಿ, ನೇರಳೆ ಶಾಯಿಯ ಲೇಖನಿಯಿಂದ ಎರಡು ಚುಕ್ಕೆ ಇಟ್ಟು, ಎರಡೂ ಸಮವಾಗಿವೆಯೇ ಎಂದು ದೂರ ನಿಂತು ಅಳೆದರು. ಅರಗಿನ ರಸದ ಕಥೆಯನ್ನು ಹೇಳಬೇಕೆಂದು ಬಾಯಿಯವರೆಗೆ ಬಂತು. ಸೂಜಿ ಕೈಯಲ್ಲಿ ಹಿಡಿದವರಿಗೆ ಉಪನ್ಯಾಸ ಕೊಡಬಾರದೆಂದು ಸುಮ್ಮನಾದೆ. ಅಮ್ಮ ಮಾತ್ರ ಬಿಡಲಿಲ್ಲ. "ಹೆಣ್ಣುಮಗು, ಎಡಗಿವಿ ಮೊದಲು" ಎಂದರು. ಡಾಕ್ಟರಮ್ಮ ಬಲಗಡೆ ನಿಂತಿದ್ದವರು ನಕ್ಕು, ಸುತ್ತಿ ಬಂದು, ಎಡಗಡೆಯಿಂದ ಪ್ರಾರಂಭಿಸಿದರು.